ಬೀಸುವ ಕಲ್ಲಿನ ಇಂಗ್ಲಿಷು

ಅತನೂರ ಚಾವಡಿಯ ಮುಂದೆ ಕರೀಮಸಾಬನ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲಿಸಿದ್ದರು. ಕಟ್ಟಿದವರು ಮಿಲಿಟರಿಯವರಲ್ಲ, ಊರವರೇ. ಅದೂ ಎಂಥ ಊರವರು! ಕೂಸಿಗೆ ಜ್ವರ ಬಂದರೆ, ಚೇಳು ಕಡಿದರೆ, ಹೆಂಡತಿಗೆ ಹೆರಿಗೆ ಕಷ್ಟವಾದರೆ ಇದೇ ಕಂಪೌಂಡರ್ ಕರೀಮಸಾಬನ ಬಾಗಿಲು ಬಡಿದು ಎಬ್ಬಿಸಿದವರು. ೧೯೪೮ರ ಸೆಪ್ಟೆಂಬರಿನ ಕೊನೆಯ ದಿನಗಳು. ನಿಜಾಮನ ಸೈನ್ಯ ಶರಣಾಗಿ ಹೆಚ್ಚು ದಿನವಾಗಿರಲಿಲ್ಲ. ನಿಜಾಮನ ರಾಜ್ಯ ಹಿಂದೂಸ್ತಾನಕ್ಕೆ ಸೇರಬಾರದೆಂದು ಬಂದೂಕು ಹಿಡಿದು ಊರೂರು ಸುಟ್ಟ ರಜಾಕಾರರು ಈಗ ಎಲ್ಲೆಲ್ಲೋ ಅಡಗಿದ್ದರು. ಅವರು ಕೈಗೆ ಸಿಗದಿದ್ದ ಕಡೆ ಜನ ಸಿಕ್ಕವರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು. ನೆರೆಯ ಊರೊಂದರಲ್ಲಿ ಇಬ್ಬರನ್ನು ಬಾವಿಗೆ ನೂಕಿದ ಸುದ್ದಿ ಅತನೂರಿಗೂ ಮುಟ್ಟಿತ್ತು.

ಒಂದು ಲಾರಿ, ಬೆರಳೆಣಿಕೆಯ ಜವಾನರು, ಅವರ ಮೇಲೊಬ್ಬ ಕ್ಯಾಪ್ಟನ್ ಬಂದು ನಿಂತಿದ್ದರು. ಕ್ಯಾಪ್ಟನ್ ಮದ್ರಾಸ ಕಡೆಯವನು. ಅವನ ಊರ ಮಾತು ಇವರಿಗೆ ಬಾರದು, ಇವರ ಕನ್ನಡ ಅವನಿಗೆ ಬಾರದು, ಅವನ ಹಿಂದೂಸ್ತಾನಿ ಜವಾನರಿಗೆ ಹುಕುಂ ಕೊಡುವಷ್ಟಕ್ಕೇ ಮುಗಿಯುತ್ತಿತ್ತು. ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಮಂದಿ ಕೈಯಲ್ಲಿನ ಕುಡುಗೋಲು, ಬಡಿಗೆ ಎತ್ತಿ ಕೂಗಿದರು. ಅಷ್ಟರಲ್ಲಿ ಕರೀಮಸಾಬನ ಹೆಂಡತಿ ವಜೀರುನ್ನಿಸಾ ಮುಖದ ಪರದೆ ಸರಿಸಿ ಮುಂದೆ ಬಂದು ಚೊಕ್ಕ ಇಂಗ್ಲಿಷಿನಲ್ಲಿ, "ಇವರು ನನ್ನ ಗಂಡ," ಎಂದಳು. ಕ್ಯಾಪ್ಟನ್ ಕೈಯೆತ್ತಿ ಅವಳನ್ನು ತಡೆದ. ಗಂಡನನ್ನು ಬಿಟ್ಟುಕೊಟ್ಟು ಮಾತಾಡುವ ಹೆಂಡತಿ ಯಾರಿದ್ದಾಳೆ? ಅವಳ ಮಾತು ಸಾಕ್ಷಿಯಾಗುವುದಿಲ್ಲವೆಂದು ಅವನ ಮುಖವೇ ಹೇಳಿತು.

ಆಗ ಬೀರಣ್ಣ ಜನರ ನಡುವಿನಿಂದ ತನ್ನ ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ನನ್ನ ತಂಗಿಗಿ ಇಂಗ್ಲಿಷ ಬರ್ತದ! ನಮ್ಮ ಗೌರಾಬಾಯಿಗಿ ಬರ್ತದ!" ಆ ಸಿಟ್ಟಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, "ನಮ್ಮ ಮನಿ ಸುಡಿಸಿದಾಂವ ಇವನೇ ಅಂತ ಹೇಳು ಸಾಹೇಬಗ. ಅಷ್ಟ ಹೇಳಿ ಈ ಕಡಿ ಬಾ. ಮುಂದಿಂದು ನಾವ್ ನೋಡ್ಕೋತೇವಿ," ಎಂದ.

ಮುಂದಿನದು ಏನೆಂದು ಗೌರಾಬಾಯಿಗೆ ಗೊತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಮಾತಾಡುವ ಒಂದು ಗಳಿಗೆಗಾಗಿ ಎರಡು ವರ್ಷ ಹಂಬಲಿಸಿದ್ದಳು. ಶಿವ ಕೊಟ್ಟದ್ದು ಎಂಥ ಗಳಿಗೆ ನೋಡಿ! ಆ ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಕಲಿಸಿದವಳು ನಾಲ್ಕು ಮಾರು ದೂರದಲ್ಲಿ ನಿಂತು ಅವಳ ಬಾಯಿಯನ್ನೇ ನೋಡುತ್ತಿದ್ದಳು.

ಗೌರಾಬಾಯಿಗೆ ಇಂಗ್ಲಿಷಿನ ಹುಚ್ಚು ಹತ್ತಿದ್ದು ಗಂಡ ತೀರಿ ತವರಿಗೆ ಬಂದ ಮೇಲೆ. ಮದುವೆ ಎಂಬುದು ಅವಳಿಗೆ ಅರಿಷಿಣ ಹಚ್ಚಿದ್ದು ಮತ್ತು ಕಾಲರಾ ಬಂದದ್ದು, ಇಷ್ಟೇ ನೆನಪು. ತವರಿನಲ್ಲಿ ತಾಯಿ ನಿಂಬೆವ್ವ, ಅಣ್ಣ ಬೀರಣ್ಣ. ಹೊಲವಿತ್ತು, ಕುರಿಗಳಿದ್ದವು, ಉಣ್ಣಲು ಕೊರತೆಯಿರಲಿಲ್ಲ. ಆದರೆ ಜೀವಮಾನವಿಡೀ ಅಣ್ಣನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂರಲು ಅವಳಿಗೆ ಮನಸ್ಸಿರಲಿಲ್ಲ. ಸೊಲ್ಲಾಪುರದ ಒಂದು ಮಿಷನ್ ದವಾಖಾನೆಯಲ್ಲಿ ಹೆಣ್ಣುಮಕ್ಕಳಿಗೆ ನರ್ಸಿನ ಕೆಲಸ ಕಲಿಸುತ್ತಾರೆ, ಇಂಗ್ಲಿಷು ಬಂದರೆ ಸೇರಿಸಿಕೊಳ್ಳುತ್ತಾರೆ ಎಂದು ಕರೀಮಸಾಬ ಒಮ್ಮೆ ಬಾಯ್ತಪ್ಪಿ ಹೇಳಿದ್ದೇ ತಡ, ಅವಳು ಅವನ ಮನೆಯ ಪಡಸಾಲೆಯಲ್ಲಿ ಹೋಗಿ ಕೂತುಬಿಟ್ಟಳು.

ವಜೀರುನ್ನಿಸಾ ಕಲಬುರಗಿಯಲ್ಲಿ ಓದಿದವಳು. ಮನೆಯಲ್ಲೇ ಊರ ಹುಡುಗಿಯರಿಗೆ ಉರ್ದು ಹೇಳಿಕೊಡುತ್ತಿದ್ದಳು. ಅವಳ ತಂದೆ ವಕೀಲರೊಬ್ಬರ ಕೈಕೆಳಗೆ ಗುಮಾಸ್ತನಾಗಿದ್ದು, ಮಗಳಿಗೆ ಬಿಟ್ಟು ಹೋದ ಆಸ್ತಿ ಎಂದರೆ ಒಂದು ದಪ್ಪ ಪುಸ್ತಕ: ಇಂಗ್ಲಿಷಿನ ಕಠಿಣ ಶಬ್ದಗಳು, ಎದುರಿಗೆ ಉರ್ದು ಅರ್ಥ. ಅವಳ ಪ್ರಕಾರ ಇಂಗ್ಲಿಷೆಂದರೆ ಅದೇ.

"ಸಣ್ಣ ಮಾತು ತಾವೇ ಬರ್ತಾವ ಬೇಟಿ," ಎನ್ನುತ್ತಿದ್ದಳು. "ನೀರು, ರೊಟ್ಟಿ ಅನ್ನೋದು ಕೂಸಿಗಿ ಯಾರರೆ ಕಲಿಸ್ತಾರೇನು? ದೊಡ್ಡ ಮಾತು ಕಲಿ. ದೊಡ್ಡ ಮಾತು ಇದ್ದಾಕಿಗಿ ಎಲ್ಲಿ ಹೋದ್ರೂ ಕುರ್ಚಿ ಹಾಕ್ತಾರ."

ಹೀಗಾಗಿ ಗೌರಾಬಾಯಿ ದೊಡ್ಡ ಮಾತುಗಳನ್ನೇ ಕಲಿತಳು. ಕಲಿತದ್ದನ್ನು ಬಾಯಿಪಾಠ ಮಾಡಿದ್ದು ಬೀಸುವ ಕಲ್ಲಿನ ಮುಂದೆ. ನಸುಕಿನಲ್ಲಿ ತಾಯಿ ಮಗಳು ಎದುರುಬದುರು ಕೂತು ಜೋಳ ಬೀಸುವಾಗ ಹಾಡುವ ಪದಗಳಲ್ಲಿ ಅವಳು ದಿನಕ್ಕೊಂದು ಇಂಗ್ಲಿಷ್ ಶಬ್ದ ಸೇರಿಸುತ್ತಿದ್ದಳು:

ಬೀಸೂವ ಕಲ್ಲವ್ವ ಬೆನೆವೊಲೆಂಟು ನೀನವ್ವ
ಕೂಸೀನ ಹಾಂಗ ಸಲಹವ್ವ | ಹಟದಾಕಿ
ಅಬ್‌ಸ್ಟಿನೇಟು ನಮ್ಮ ನಿಂಬೆವ್ವ

ದಯೆಯುಳ್ಳವಳು ಕಲ್ಲವ್ವ, ಹಟಮಾರಿ ನಿಂಬೆವ್ವ. ನಿಂಬೆವ್ವ ಕಲ್ಲಿನ ಗೂಟ ಬಿಟ್ಟು ಮಗಳ ಬೆನ್ನಿಗೊಂದು ಗುದ್ದಿ, "ನಿನ್ನ ಬಾಯಾಗ ಮಣ್ಣ ಹಾಕ್ಲಿ, ಹಡೆದಾಕಿಗೇ ಅಂತೀ ಏನ ಬೇ!" ಎಂದು ಬೈದು, ಮತ್ತೆ ಅದೇ ಸಾಲನ್ನು ತಾನೂ ರಾಗವಾಗಿ ಎತ್ತಿಕೊಳ್ಳುತ್ತಿದ್ದಳು. ನೀರು ತರಲು ಹೋಗುವ ಹೆಂಗಸರು ಮೂಗು ಮುರಿದರು. ಬೀರಣ್ಣ ಮಾತ್ರ ಸಂತೆಗೆ ಹೋದಾಗ ತಂಗಿಯ ಇಂಗ್ಲಿಷಿನ ಸುದ್ದಿ ಹೇಳದೆ ಬರುತ್ತಿರಲಿಲ್ಲ.

ಹೀಗೆ ಕಲಿತವಳ ಗತಿ ಏನಾಗಬೇಕೋ ಅದೇ ಆಯಿತು. ೧೯೪೭ರ ದೀಪಾವಳಿ ಮುಗಿದ ಮೇಲೆ ಬೀರಣ್ಣ ಅವಳನ್ನು ದುಧನಿಯವರೆಗೆ ಗಾಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ನಿಜಾಮನ ನಾಕಾಗಳಲ್ಲಿ ಗಂಟು ಬಿಚ್ಚಿಸಿ ನೋಡಿದರು. ಹಿಂದೂಸ್ತಾನಕ್ಕೆ ಯಾಕೆ ಹೋಗುತ್ತೀರಿ, ಯಾರಿಗೆ ಸುದ್ದಿ ಒಯ್ಯುತ್ತೀರಿ ಎಂದು ಗದರಿದರು. ಅಷ್ಟು ಕಷ್ಟಪಟ್ಟು ಹೋದರೆ ದವಾಖಾನೆಯ ಬಿಳಿಯ ಮೇಡಮ್ಮು ಕೇಳಿದ್ದೇನು? ಆ ಟವೆಲ್ಲು ಕೊಡು, ಈ ಬಕೆಟ್ಟು ಎತ್ತಿಡು. ಗೌರಾಬಾಯಿ ಕಂಬದಂತೆ ನಿಂತಳು. ಕೊನೆಗೆ ತನಗೆ ಗೊತ್ತಿದ್ದದ್ದನ್ನು ಹೇಳಿದಳು: "ಐ ಆ್ಯಮ್ ರಿಪ್ಲೀಟ್ ವಿತ್ ಗ್ರ್ಯಾಟಿಟ್ಯೂಡ್." ಕೃತಜ್ಞತೆಯಿಂದ ತುಂಬಿ ತುಳುಕುತ್ತಿದ್ದೇನೆ ಎಂಬುದು ಅದರರ್ಥ. ಮೇಡಮ್ಮು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಕ್ಕರೂ ಕೆಟ್ಟವಳಲ್ಲ. ಮನೆಯ ಮಾತುಗಳನ್ನು ಕಲಿತು ಮುಂದಿನ ವರ್ಷ ಬಾ ಎಂದು ಬೆನ್ನು ತಟ್ಟಿ ಕಳಿಸಿದಳು.

ಅದನ್ನು ಕೇಳಿ ವಜೀರುನ್ನಿಸಾಗೆ ಮುಖ ಕೆಂಪಗಾಯಿತು. "ಟವೆಲ್ಲಿಗಿ ಯಾರಾದ್ರೂ ಇಂಗ್ಲಿಷ ಕಲೀತಾರೇನು!" ಎಂದು ಒಂದು ದಿನವಿಡೀ ಸಿಡಿಮಿಡಿಗೊಂಡು, ಮರುದಿನದಿಂದ ತಾನೇ ಅಡುಗೆಮನೆಯ ಸಾಮಾನುಗಳ ಹೆಸರು ನೆನಪು ಮಾಡಿಕೊಂಡು ಕಲಿಸತೊಡಗಿದಳು. ಆದರೆ ಆ ಪಾಠ ಹೆಚ್ಚು ದಿನ ನಡೆಯಲಿಲ್ಲ.

ಸಂಕ್ರಾಂತಿ ಕಳೆದು ಜೋಳ ತೆನೆ ಬಿಟ್ಟಿತ್ತು. ಬೀರಣ್ಣ ಗೆಳೆಯರ ಜೊತೆ ಘತ್ತರಗಿ ಕಡೆಯ ಭೀಮೆಯ ದಂಡೆಯಲ್ಲಿ ಮೂರು ಬಣ್ಣದ ಬಾವುಟ ಏರಿಸಲು ಹೋದ. ರಜಾಕಾರರ ಬಂದೂಕಿನ ಛರ್ರೆಗಳು, ಕಾಳಿನಂಥ ಸಣ್ಣ ಗುಂಡುಗಳು, ಅವನ ಮೀನಖಂಡಕ್ಕೆ ಹೊಕ್ಕವು. ಹೇಗೋ ತೆವಳಿ ಬಂದು ತಮ್ಮದೇ ಜೋಳದ ಹೊಲದ ನಡುವೆ ಅಡಗಿದ. ಎರಡನೆಯ ದಿನ ಕಾಲು ಬಾತು, ಮೈ ಕೆಂಡದಂತೆ ಸುಡತೊಡಗಿತು. ನಿಂಬೆವ್ವ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗೌರಾಬಾಯಿ ಅಳಲಿಲ್ಲ. ಮಜ್ಜಿಗೆಯ ಗಡಿಗೆ ಹೊತ್ತವಳಂತೆ ಹಾಡುಹಗಲಲ್ಲೇ ಕರೀಮಸಾಬನ ಮನೆಗೆ ಹೋದಳು.

"ಗೊತ್ತಾದ್ರ ಅವರು ನನ್ನ ತೊಗಲು ಸುಲೀತಾರ ಗೌರಾ," ಎಂದ ಕರೀಮಸಾಬ.

"ಗೊತ್ತದ್ರಿ ಭಾಯಿಸಾಬ."

ಅವನು ಹೆಂಡತಿಯ ಮುಖ ನೋಡಿದ. ವಜೀರುನ್ನಿಸಾ ಚಿಮಟಿಗೆ, ಅರಿವೆ, ಔಷಧಿಯನ್ನು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಹೊಲದಲ್ಲಿ ಬೀರಣ್ಣ ರುಮಾಲು ಕಚ್ಚಿ ಹಿಡಿದ. ಕರೀಮಸಾಬ ಒಂದೊಂದೇ ಛರ್ರೆ ಕಿತ್ತು ತೆಗೆದ. ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದ: "ಇವತ್ತೇ ಹೊಳಿ ದಾಟಿಸ್ರಿ ಇವರಿಗಿ. ನಾಳಿಗಿ ಅಂತ ಇಟ್ಕೋಬ್ಯಾಡ್ರಿ."

ಸಂಜೆಗೇ ಬೀರಣ್ಣನನ್ನು ಹೊಟ್ಟಿನ ಗಾಡಿಯಲ್ಲಿ ಮಲಗಿಸಿ ಭೀಮೆಯ ಆಚೆಗೆ, ಹಿಂದೂಸ್ತಾನದ ನೆಲದಲ್ಲಿದ್ದ ಕ್ಯಾಂಪಿಗೆ ದಾಟಿಸಿದರು. ಮರುದಿನ ರಜಾಕಾರರು ಬಂದರು. ನೇರವಾಗಿ ಜೋಳದ ಹೊಲಕ್ಕೆ ನುಗ್ಗಿ, ಅವನು ಮಲಗಿದ್ದ ಜಾಗದವರೆಗೂ ಬೆಳೆ ತುಳಿದು ಹುಡುಕಿದರು. ಸಿಗದ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟರು. ತಾಯಿ ಮಗಳು ಮೈಮೇಲಿನ ಸೀರೆಯಲ್ಲಿ ಹೊರಬಂದರು. ಆಮೇಲೆ ಅದೇ ವಾರ ಕರೀಮಸಾಬ ರಜಾಕಾರರ ಲಾರಿಯಲ್ಲಿ ಕೂತು ಹೋದದ್ದನ್ನು ಊರು ನೋಡಿತು.

ಬೀರಣ್ಣ ಕ್ಯಾಂಪಿನಲ್ಲಿ ಇದನ್ನೆಲ್ಲ ಕೇಳಿ ಕೂಡಿಸಿ ಕಳೆದು ನೋಡಿದ. ಹೊಲದ ಆ ಜಾಗ ಹೊರಗಿನವರಲ್ಲಿ ಒಬ್ಬನಿಗೇ ಗೊತ್ತಿತ್ತು. ನಾಳೆಗೆಂದು ಇಟ್ಟುಕೊಳ್ಳಬೇಡಿ ಎಂದು ಯಾಕೆ ಹೇಳಿದ? ನಾಳೆ ಏನಾಗುತ್ತದೆಂದು ಅವನಿಗೆ ಹೇಗೆ ಗೊತ್ತು? ಬೇಸಿಗೆ, ಮಳೆಗಾಲವಿಡೀ ಇದೊಂದನ್ನೇ ಅರೆಯುತ್ತ ಕೂತವನು, ಮಿಲಿಟರಿಯ ಹಿಂದೆಯೇ ಹೊಳೆ ದಾಟಿ ಬಂದು ಮೊದಲು ಮಾಡಿದ ಕೆಲಸ ಕರೀಮಸಾಬನ ಬಾಗಿಲು ಒದ್ದದ್ದು.

ಗೌರಾಬಾಯಿಗೂ ಅದೇ ಪ್ರಶ್ನೆ ಎಷ್ಟೋ ಸಲ ಕೊರೆದಿತ್ತು. ಕರೀಮಸಾಬ ಎಚ್ಚರಿಸಿದನೋ, ಹಿಡಿದುಕೊಡುವ ಮೊದಲು ಪಾಪಕ್ಕೆ ಹೆದರಿ ದಾರಿ ಬಿಟ್ಟನೋ? ಸುಟ್ಟ ಮನೆಯ ಗೋಡೆಗೆ ಒರಗಿ ಕೂತು ಯೋಚಿಸಿದ್ದಳು.

"ಹೇಳ ಬೇ!" ಚಾವಡಿಯ ಮುಂದೆ ಬೀರಣ್ಣ ಅವಳ ಭುಜ ಅಲ್ಲಾಡಿಸಿದ.

ಒಂದು ಮಾತು ಅವಳ ತಲೆಯಲ್ಲಿ ಮಿಂಚಿ ಹೋಯಿತು. ಸುಳ್ಳು ಹೇಳಿಬಿಡಲೇ? ಇವರೆಲ್ಲ ಇವನನ್ನು ಬಿಡಿ ಎನ್ನುತ್ತಿದ್ದಾರೆ ಎಂದರೆ ಕ್ಯಾಪ್ಟನ್ನಿಗೆ ಹೇಗೆ ಗೊತ್ತಾಗಬೇಕು? ಆದರೆ ಆ ಕುಡುಗೋಲುಗಳು ಅವನ ಕಣ್ಣಿಗೆ ಬೀಳುವುದಿಲ್ಲವೇ, ಆ ಕೂಗು ಅವನಿಗೆ ಕೇಳುವುದಿಲ್ಲವೇ? ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ಅವಳ ನಿಜಕ್ಕೂ ಕಿಮ್ಮತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಣ್ಣನ ಮನೆ ಸುಟ್ಟದ್ದು ಸುಳ್ಳಲ್ಲವಲ್ಲ. ಆ ಬೆಂಕಿ ಅವಳ ಕಣ್ಣ ಮುಂದೆಯೇ ಉರಿದಿತ್ತು.

ಅವಳು ಕ್ಯಾಪ್ಟನ್ನಿನ ಕಡೆ ತಿರುಗಿ ಬಾಯಿ ತೆರೆದಳು. ಬಂದದ್ದು ದೊಡ್ಡ ಮಾತುಗಳೇ. ಈತ ನನ್ನ ಸಹೋದರ. ಈತನ ಹ್ಯಾಬಿಟೇಶನ್, ಎಂದರೆ ವಾಸಸ್ಥಾನ, ಒಂದು ಮಹಾ ಕಾನ್‌ಫ್ಲಗ್ರೇಶನ್ನಿನಲ್ಲಿ, ಬೆಂಕಿಯ ಅನಾಹುತದಲ್ಲಿ, ಭಸ್ಮವಾಯಿತು. ಅದಕ್ಕೆ ಈ ಮನುಷ್ಯನ ಪರ್ಫಿಡಿ, ಎಂದರೆ ವಿಶ್ವಾಸಘಾತವೇ ಕಾರಣವೆಂದು ನನ್ನ ಸಹೋದರ ಆರೋಪಿಸುತ್ತಾನೆ. ಕ್ಯಾಪ್ಟನ್ನಿನ ಹುಬ್ಬು ಮೇಲೇರಿತು. ಕುರಿ ಕಾಯುವವರ ಮನೆಯ ಹೆಣ್ಣುಮಗಳ ಬಾಯಲ್ಲಿ ಹೈಕೋರ್ಟಿನ ಭಾಷೆ! ಆದರೆ ನಗುವ ಹೊತ್ತಲ್ಲ ಅದು. ಅವನು ಕರೀಮಸಾಬನ ಕಡೆ ನೋಡಿದ ನೋಟ ಗಟ್ಟಿಯಾಯಿತು. ಜನ ಒಂದು ಹೆಜ್ಜೆ ಮುಂದೆ ಬಂದರು. ವಜೀರುನ್ನಿಸಾ ಕಣ್ಣು ಮುಚ್ಚಿದಳು.

ಕ್ಯಾಪ್ಟನ್ ಕೇಳಿದ: ನೋಡಿದವರು ಯಾರು?

ಗೌರಾಬಾಯಿ ಅಣ್ಣನ ಕಡೆ ತಿರುಗಿದಳು. "ಭಾಯಿಸಾಬ ಆ ಜಾಗ ತೋರಿಸಿಕೊಟ್ಟಿದ್ದು ನೀ ಕಣ್ಣಾರೆ ಕಂಡಿಯೇನಣ್ಣ? ಸಾಹೇಬರು ಕೇಳಾಕತ್ತಾರ."

"ಕಾಣೋದೇನದ ಅದ್ರಾಗ? ಅಂವಗ ಬಿಟ್ಟು ಆ ಜಾಗ ಯಾರಿಗಿ ಗೊತ್ತಿತ್ತು?"

"ನನಗ ಗೊತ್ತಿತ್ತು. ಅವ್ವಗ ಗೊತ್ತಿತ್ತು. ಗಾಡಿ ಹೊಡದಾಂವಗ ಗೊತ್ತಿತ್ತು."

"ತಲಿ ಕೆಟ್ಟದೇನ ನಿನಗ?" ಬೀರಣ್ಣನ ಕುತ್ತಿಗೆಯ ನರ ಉಬ್ಬಿತು.

ಅವಳು ಜನರ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು: "ಯಾರ್ ಯಾರ್ ನೋಡೀರಿ, ಮುಂದ ಬರ್ರಿ. ನಾ ಸಾಹೇಬರಿಗಿ ಹೇಳ್ತೇನಿ. ಇದ್ದದ್ದು ಇದ್ದಹಾಂಗ ಹೇಳ್ತೇನಿ."

ಯಾರೂ ಬರಲಿಲ್ಲ. ಕೂಗುವುದು ಬೇರೆ, ಮುಂದೆ ಬಂದು ನಿಲ್ಲುವುದು ಬೇರೆ. ಕೊನೆಗೆ ಮುದುಕ ಸೈದಪ್ಪ ಗಂಟಲು ಸರಿಮಾಡಿಕೊಂಡ. "ಅವರ ಲಾರ್ಯಾಗ ಕೂತಿದ್ದು ನಾ ನೋಡೇನಿ."

"ಕೂತು ಏನ್ ಮಾಡಾಕತ್ತಿದ್ರು, ಕಾಕಾ?"

ಸೈದಪ್ಪ ತಡವರಿಸಿದ. "ಯಾವಂದೋ ತಲಿಗಿ ಪಟ್ಟಿ ಸುತ್ತಾಕತ್ತಿದ್ದ. ಮತ್ತ... ಹಿಂದ ಒಬ್ಬಾಂವ ಬಂದೂಕ ಹಿಡದು ಕೂತಿದ್ದ."

ಅವಳು ಅದನ್ನು ಇದ್ದ ಹಾಗೆಯೇ ಹೇಳಿದಳು, ಲಾರಿಯನ್ನೂ ಪಟ್ಟಿಯನ್ನೂ ಬಂದೂಕನ್ನೂ. ಆಮೇಲೆ ಯಾರೂ ಕೇಳದೆಯೇ, ತನ್ನ ಮಾತನ್ನೂ ಸೇರಿಸಿದಳು. ಅಣ್ಣನ ಕಾಲಿಗೆ ಗಾಯವಾದಾಗ ಇವರನ್ನು ಕರೆತಂದವಳು ನಾನು. ಇವರು ಬಂದು ಛರ್ರೆ ತೆಗೆದರು. ಆಮೇಲೆ ಇವರು ನಮ್ಮನ್ನು ತೋರಿಸಿಕೊಟ್ಟರೋ ಇಲ್ಲವೋ ಅದು ಬರೀ ಕಂಜೆಕ್ಚರ್, ಊಹೆ. ಈ ಊರಿನಲ್ಲಿ ಅದನ್ನು ಕಂಡವರಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ಮಾತು ಸಾಲದೇ ಹೋಯಿತು. ಬೀರಣ್ಣನ ಮೀನಖಂಡಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಬಗ್ಗಿ ಅಣ್ಣನ ಧೋತರವನ್ನು ಮೊಣಕಾಲಿನವರೆಗೆ ಎತ್ತಿ, ಸಾಲಾಗಿ ಕೂತಿದ್ದ ಗಾಯದ ಕಲೆಗಳನ್ನು ತೋರಿಸಿದಳು.

ಬೀರಣ್ಣ ಅವಳ ಕೆನ್ನೆಗೆ ಹೊಡೆದ. ಎಲ್ಲರೆದುರಿಗೆ, ಜೀವನದಲ್ಲಿ ಮೊದಲ ಸಲ.

ಅವಳು ಬಿದ್ದಲ್ಲಿಂದ ಎದ್ದು ಸೆರಗು ಸರಿಮಾಡಿಕೊಂಡು ಮತ್ತೆ ಅದೇ ಜಾಗದಲ್ಲಿ ನಿಂತಳು. ಹಿಂದಿನಿಂದ ಒಂದು ಕಲ್ಲು ಬಂದು ಕರೀಮಸಾಬನ ಹಣೆಗೆ ಬಡಿಯಿತು. ಜವಾನರು ಬಂದೂಕು ಎತ್ತಿದರು. ಕ್ಯಾಪ್ಟನ್ ಒಂದು ಹುಕುಂ ಕೂಗಿದ. ಗಳಿಗೆಯೊಳಗೆ ಕರೀಮಸಾಬನನ್ನು ಲಾರಿಗೆ ಹತ್ತಿಸಿದರು. ಕಲಬುರಗಿಗೆ ಒಯ್ದು ವಿಚಾರಣೆ ಮಾಡುತ್ತೇವೆ, ಊರವರಿಗೆ ಕೊಡುವುದಿಲ್ಲ ಎಂದು ಕ್ಯಾಪ್ಟನ್ ಹೇಳಿದ್ದನ್ನು ಗೌರಾಬಾಯಿ ಕನ್ನಡದಲ್ಲಿ ಹೇಳಿದಳು. ಅವಳ ತುಟಿಯಿಂದ ರಕ್ತ ಸೋರುತ್ತಿತ್ತು. ಹೆಂಡತಿಯೂ ಜೊತೆಗೆ ಹೋಗಲಿ ಎಂದು ಕೇಳಿದಳು. ಕ್ಯಾಪ್ಟನ್ ಒಪ್ಪಿ ತಲೆಯಾಡಿಸಿದ.

ವಜೀರುನ್ನಿಸಾ ಲಾರಿಯ ಹಿಂದಿನ ಹಲಗೆಗೆ ಕೈಯಿಟ್ಟು ಹತ್ತುವ ಮುನ್ನ ನಿಂತಳು. ಗೌರಾಬಾಯಿ ಓಡಿಹೋಗಿ, ಸ್ವಂತ ಅಕ್ಕನನ್ನು ಕರೆಯುವಂತೆ, "ಆಪಾ," ಎಂದಳು. ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದಳು, ಪಾಪ.

"ಮೊದಲನೇ ಮಾತು ಎಷ್ಟು ಚಂದ ಹೇಳಿದಿ ಗೌರಾ," ಎಂದಳು ವಜೀರುನ್ನಿಸಾ. ಅವಳ ದನಿ ತಣ್ಣಗಿತ್ತು. "ನನ್ನ ಗಂಡಗ ವಿಶ್ವಾಸಘಾತಕ ಅಂದಿ. ಒಂದೂ ತಪ್ಪಿಲ್ಲದ ಅಂದಿ."

"ಅದನ್ನ ಹೇಳದೇ ಇದ್ದಿದ್ರ ಎರಡನೇದು ಅವರು ನಂಬ್ತಿರಲಿಲ್ಲ ಆಪಾ."

"ಗೊತ್ತದ. ಅದಕ್ಕೇ ಅವರು ಉಳದಾರ." ಸೆರಗಿನಿಂದ ಗೌರಾಬಾಯಿಯ ತುಟಿಯ ರಕ್ತ ಒರೆಸಿದಳು, ಒರಟಾಗಿ. "ಆದ್ರೂ ಆ ಮಾತು ಕಿವಿಯಾರೆ ಕೇಳಿದಾಕಿ ನಾನೇ ಅಲ್ಲ?"

ಲಾರಿ ಧೂಳೆಬ್ಬಿಸಿ ಹೋಯಿತು. ಕೈಗೆ ಬಂದದ್ದು ತಪ್ಪಿ ಹೋದ ಸಿಟ್ಟನ್ನು ಜನ ಒಬ್ಬರ ಮೇಲೊಬ್ಬರು ಹಾಕುತ್ತ ಚದುರಿದರು. ವಿಚಾರಣೆಯಲ್ಲಿ ಯಾವ ಸಾಕ್ಷಿಯೂ ಸಿಗದೆ ಕರೀಮಸಾಬನನ್ನು ಬಿಟ್ಟುಬಿಟ್ಟರೆಂಬ ಸುದ್ದಿ ಚಳಿಗಾಲದಲ್ಲಿ ಬಂತು. ಗಂಡ ಹೆಂಡತಿ ಅತನೂರಿಗೆ ಮರಳಲಿಲ್ಲ. ಗೌರಾಬಾಯಿ ಸೊಲ್ಲಾಪುರಕ್ಕೆ ಸೇರಿ, ಟವೆಲ್ಲು ಬಕೆಟ್ಟುಗಳನ್ನೆಲ್ಲ ಕಲಿತು, ಬಿಳಿ ಸೀರೆಯ ನರ್ಸಾಗಿ ಎಷ್ಟೋ ವರ್ಷ ಬಾಳಿದಳು. ಅದೆಲ್ಲ ಮುಂದಿನ ಮಾತು. ಆ ದಿನದ ಸಂಜೆ ಇನ್ನೂ ಬಾಕಿಯಿತ್ತು.

ಸುಟ್ಟ ಮನೆಯ ಮುಂದೆ ತಗಡು ಹೊದಿಸಿದ ಮರೆಯಲ್ಲಿ ನಿಂಬೆವ್ವ ಒಲೆ ಹಚ್ಚಿದ್ದಳು. ಬೀರಣ್ಣ ಬಂದು ದೂರ ಕೂತ. ರೊಟ್ಟಿಯ ತಾಟು ಮುಂದಿಟ್ಟರೂ ಮುಟ್ಟಲಿಲ್ಲ. ಗೌರಾಬಾಯಿಯ ಕೆನ್ನೆ ಬಾತಿತ್ತು. ಅವನು ಅದನ್ನು ನೋಡುತ್ತಿದ್ದ, ಬೇರೆ ಕಡೆ ನೋಡುತ್ತಿದ್ದ, ಮತ್ತೆ ನೋಡುತ್ತಿದ್ದ.

"ಗೌರಾ," ಎಂದ ಕೊನೆಗೆ. "ಅಂವ ರಜಾಕಾರರಿಗಿ ಹೇಳಿಲ್ಲಂತ ನಿನಗ ಖರೇನೇ ಗೊತ್ತದೇನು?"

ಅವಳು ಒಲೆಗೆ ಒಂದು ಕಟ್ಟಿಗೆ ಹಾಕಿದಳು.

"ಇಲ್ಲಣ್ಣ. ನನಗ ಗೊತ್ತಿಲ್ಲ."

ಬೀರಣ್ಣ ತಲೆ ಎತ್ತಿದ.

"ನಿನಗೂ ಗೊತ್ತಿಲ್ಲ," ಎಂದಳು ಗೌರಾಬಾಯಿ, ತಾಟನ್ನು ಅವನ ಹತ್ತಿರಕ್ಕೆ ಸರಿಸುತ್ತ.